ನಿಂತ ಗಾಡಿಯ ನಿತ್ಯಕರ್ಮ

ಜರ್ಮನಿಯಲ್ಲಿ ಕೆಲವು ವಾಹನಗಳ ನಂಬರ್ ಪ್ಲೇಟಿನ ಬಲತುದಿಯಲ್ಲಿ ಒಂದರ ಕೆಳಗೊಂದು ಎರಡು ಸಣ್ಣ ಸಂಖ್ಯೆಗಳು ಅಚ್ಚಾಗಿರುತ್ತವೆ. ಮೇಲೆ 04, ನಡುವೆ ಒಂದು ಗೆರೆ, ಕೆಳಗೆ 10. ಏಪ್ರಿಲ್‌ನಿಂದ ಅಕ್ಟೋಬರ್ ಮುಗಿಯುವವರೆಗೆ ಮಾತ್ರ ಆ ಗಾಡಿಗೆ ರಸ್ತೆಗಿಳಿಯುವ ಹಕ್ಕು. 1997ರಲ್ಲಿ ಜಾರಿಗೆ ಬಂದ ಈ ಏರ್ಪಾಡಿನಲ್ಲಿ ತೆರಿಗೆ, ವಿಮೆ ಎರಡನ್ನೂ ಆ ತಿಂಗಳುಗಳಿಗಷ್ಟೇ ಕಟ್ಟಿದರೆ ಸಾಕು. ನವೆಂಬರ್ ಒಂದರಿಂದ ಅದನ್ನು ಓಡಿಸುವುದಿರಲಿ, ಸಾರ್ವಜನಿಕ ರಸ್ತೆಯ ಬದಿಯಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಹೀಗಾಗಿ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡ ಮೋಟಾರ್‌ಹೋಮ್‌ಗಳು ಊರಾಚೆಯ ಶೆಡ್ಡುಗಳನ್ನೂ ಬಳಕೆ ತಪ್ಪಿದ ಕೊಟ್ಟಿಗೆಗಳನ್ನೂ ಸೇರಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ ಗಾಡಿ ರಸ್ತೆಯ ಮೇಲಿಲ್ಲವೆಂದು ಸರ್ಕಾರಕ್ಕೆ ಬರೆದು ತಿಳಿಸಿ ಮನೆಯಂಗಳದಲ್ಲಿ ನಿಲ್ಲಿಸುವವರಿದ್ದಾರೆ. ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಬೀಳುವ ಮೊದಲೇ ಗಾಡಿಗೆ ಹೊದಿಕೆ ಬೀಳುತ್ತದೆ.

ಹೀಗೆ ಚಳಿಗಾಲಕ್ಕೆ ಗಾಡಿಯನ್ನು ಅಣಿಗೊಳಿಸುವ ಕೆಲಸವೆಲ್ಲ ಬರಿದು ಮಾಡುವ ಕೆಲಸ. ನೀರಿನ ಟ್ಯಾಂಕು ಬಸಿಯಬೇಕು, ಇಲ್ಲವಾದರೆ ಹೆಪ್ಪುಗಟ್ಟಿದ ನೀರು ಪೈಪುಗಳನ್ನು ಸೀಳುತ್ತದೆ. ಕೊಳವೆಯಲ್ಲಿ ಉಳಿದ ನೀರನ್ನು ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿ ಹೊರಗೆ ತಳ್ಳಬೇಕು. ಫ್ರಿಜ್ ಖಾಲಿ ಮಾಡಿ, ಒರೆಸಿ, ಬೂಷ್ಟು ಹಿಡಿಯದಂತೆ ಬಾಗಿಲು ಅರೆ ತೆರೆದಿಡಬೇಕು. ಇಲಿ ಬರದಿರಲೆಂದು ಬಿಸ್ಕತ್ತಿನ ಚೂರನ್ನೂ ಗುಡಿಸಿ ತೆಗೆಯಬೇಕು. ಇಷ್ಟೆಲ್ಲ ಬರಿದಾಗುವ ಗಾಡಿಯಲ್ಲಿ ಬರಿದಾಗಕೂಡದ ವಸ್ತು ಒಂದಿದೆ. ಅದು ಬ್ಯಾಟರಿ. ಎಂಜಿನ್ ಎಬ್ಬಿಸಲು ಒಂದು, ಒಳಗಿನ ದೀಪ, ಪಂಪು, ಹೀಟರ್‌ಗೆಂದು ಇನ್ನೊಂದೋ ಎರಡೋ. ಇವು ಐದಾರು ತಿಂಗಳು ಯಾರಿಗೂ ಬೇಡ, ಆದರೂ ತುಂಬಿಯೇ ಇರಬೇಕು. ಆ ಕಡೆ ಯಾರೂ ನೋಡದಿದ್ದರೆ ಏಪ್ರಿಲ್‌ನಲ್ಲಿ ಕೀಲಿ ತಿರುಗಿಸಿದಾಗ ಕಟಕ್ ಎಂಬ ಸದ್ದು ಬಿಟ್ಟು ಬೇರೇನೂ ಕೇಳಿಸದು.

ಬೆಂಗಳೂರಿನವರಿಗೆ ಈ ಅನುಭವ ಹೊಸದಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ದೂಳು ಕುಡಿಯುತ್ತ ನಿಂತ ಕಾರುಗಳು ಎರಡು ತಿಂಗಳ ಮೇಲೆ ಸ್ಟಾರ್ಟ್ ಆಗಲೊಲ್ಲದೆ ಹೋದವು. ಬ್ಯಾಟರಿ ಅಂಗಡಿಯ ಹುಡುಗರು ಜಂಪರ್ ಕೇಬಲ್ ಹಿಡಿದು ಬೀದಿಬೀದಿ ಅಲೆದರು. ಆಗ ಗಾಡಿಯ ಯಜಮಾನರ ಬಾಯಲ್ಲಿ ಬಂದದ್ದು ಒಂದೇ ಮಾತು: ‘ನಾವೇನೂ ಮಾಡಿಲ್ವಲ್ಲ, ಮುಟ್ಟೇ ಇಲ್ವಲ್ಲ!’

ಆ ಮಾತಿನಲ್ಲಿ ಹಳೆಯದೊಂದು ತತ್ತ್ವಪ್ರಶ್ನೆ ಅಡಗಿದೆ. ಏನೂ ಮಾಡದೆ ಇರುವುದರಿಂದ ಕೇಡು ಹುಟ್ಟಬಹುದೇ? ಮಾಡಿದ್ದಕ್ಕೆ ಫಲ ಎಂದರೆ ಒಪ್ಪಬಹುದು. ಮಾಡದೆ ಬಿಟ್ಟದ್ದಕ್ಕೂ ಫಲವಿದೆ ಎನ್ನುವುದಾದರೆ ಆ ಫಲವನ್ನು ತಂದವರು ಯಾರು? ಈ ಪ್ರಶ್ನೆಯನ್ನು ಭಾರತದ ದಾರ್ಶನಿಕರು ಶತಮಾನಗಳ ಕಾಲ ಜಗ್ಗಾಡಿದ್ದಾರೆ. ಶೆಡ್ಡಿನಲ್ಲಿ ನಿಂತ ಗಾಡಿಯ ಪಕ್ಕದಲ್ಲಿಟ್ಟು ನೋಡಿದರೆ ಅವರ ಜಗಳದ ತಿರುಳು ಇನ್ನಷ್ಟು ತಿಳಿಯಾಗುತ್ತದೆ.

ಮೊದಲು ಬ್ಯಾಟರಿಯೊಳಗೆ ಇಣುಕಬೇಕು. ಗಾಸ್ತೋನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ರೂಪಿಸಿದ ಸೀಸ ಮತ್ತು ಗಂಧಕಾಮ್ಲದ ಕೋಶವೇ ಇಂದಿಗೂ ಬಹುಪಾಲು ಗಾಡಿಗಳಲ್ಲಿದೆ. ಒಂದು ಫಲಕ ಸೀಸದ ಡಯಾಕ್ಸೈಡ್, ಇನ್ನೊಂದು ಸ್ಪಂಜಿನಂಥ ಸೀಸ, ನಡುವೆ ಆಮ್ಲ. ವಿದ್ಯುತ್ ಹೊರಗೆ ಹರಿದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತ ನೀರಿನತ್ತ ಸಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲವೂ ಹಿಂದಕ್ಕೆ ತಿರುಗುತ್ತದೆ. ಒಂದೊಂದು ಕೋಶಕ್ಕೆ ಸುಮಾರು 2.1 ವೋಲ್ಟ್, ಆರು ಕೋಶ ಸೇರಿದರೆ 12.6 ಅಥವಾ 12.7. ವಿಶ್ರಾಂತಿಯಲ್ಲಿರುವ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.2 ತೋರಿಸಿದರೆ ಅರ್ಧ ಖಾಲಿಯಾಗಿದೆ ಎಂದೇ ಲೆಕ್ಕ. 12 ತೋರಿಸಿದರೆ ಕಾಲುಭಾಗದಷ್ಟೇ ಉಳಿದಿದೆ.

ಎರಡೂ ತಂತಿ ಬಿಚ್ಚಿ ಮೂಲೆಯಲ್ಲಿಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಫಲಕ ಮತ್ತು ಆಮ್ಲ ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಒಳಗೊಳಗೇ ಸವೆತ ನಡೆಯುತ್ತದೆ. ನೀರು ಹಾಕುವ ಮಾದರಿಯ ಬ್ಯಾಟರಿ ತಿಂಗಳಿಗೆ ನೂರಕ್ಕೆ ನಾಲ್ಕೈದು ಪಾಲು ಹೀಗೆ ಕಳೆದುಕೊಳ್ಳುವುದು ಸಾಮಾನ್ಯ. ಸೆಕೆ ಹತ್ತು ಡಿಗ್ರಿ ಏರಿದರೆ ಸವೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದರ ಮೇಲೆ ಗಾಡಿಯ ಸಣ್ಣಪುಟ್ಟ ಬಾಯಿಗಳು ಬೇರೆ: ಗ್ಯಾಸ್ ಸೋರಿಕೆ ಪತ್ತೆಯ ಸಾಧನ, ಕಳ್ಳರ ಅಲಾರಂ, ರೇಡಿಯೋದ ನೆನಪು, ಜಿಪಿಎಸ್ ಟ್ರ್ಯಾಕರ್. ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಯಿತು. 100 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಆರು ವಾರದಲ್ಲಿ ಅರ್ಧಕ್ಕಿಳಿಯಲು ಇಷ್ಟು ಸಾಕು.

ಖಾಲಿಯಾದದ್ದಕ್ಕೆ ತುಂಬಿದರಾಯಿತು ಎನ್ನುವಂತಿಲ್ಲ. ಸಲ್ಫೇಟ್ ಹೊಸದರಲ್ಲಿ ನಯವಾದ ಪುಡಿಯ ರೂಪದಲ್ಲಿರುತ್ತದೆ, ಚಾರ್ಜ್ ಕೊಟ್ಟರೆ ಕರಗಿ ಮರಳುತ್ತದೆ. ಹಾಗೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳ ಮೇಲೆ ಕೂರುತ್ತ ಬಿಳಿಯ ಗಟ್ಟಿ ಪದರವಾಗುತ್ತವೆ. ಆಮೇಲೆ ಅದು ವಿದ್ಯುತ್ತಿಗೂ ಜಗ್ಗುವುದಿಲ್ಲ. ಬ್ಯಾಟರಿ ಅಂಗಡಿಯವನು ರಬ್ಬರ್ ಬುಗ್ಗೆಯ ಗಾಜಿನ ಕೊಳವೆಯನ್ನು ಕೋಶದ ಬಾಯಿಗಿಳಿಸಿ ಆಮ್ಲ ಹೀರಿ ನೋಡುತ್ತಾನಲ್ಲ, ಆಗ ಒಳಗಿನ ತೇಲುಕಡ್ಡಿ ಮೇಲೇಳದೆ ಕೆಂಪು ಪಟ್ಟಿಯಲ್ಲೇ ಕುಳಿತರೆ ಅವನು ತಲೆಯಾಡಿಸಿಬಿಡುತ್ತಾನೆ. ಶೀತದೇಶದಲ್ಲಿ ಇನ್ನೂ ಒಂದು ಅಪಾಯವಿದೆ. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗಾದರೂ ಗಡ್ಡೆ ಕಟ್ಟದು. ತೀರಾ ಬರಿದಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಗಡ್ಡೆ ಕಟ್ಟಿ ಡಬ್ಬಿಯನ್ನೇ ಸೀಳಬಹುದು. ಶಕ್ತಿ ಹೋದಂತೆ ಚಳಿ ತಡೆಯುವ ತಾಕತ್ತೂ ಹೋಗುತ್ತದೆ.

ಈಗ ವೇದದ ವಿಧಿವಾಕ್ಯಗಳ ಅರ್ಥ ವಿಚಾರಿಸಿದ ಮೀಮಾಂಸಕರ ಕಡೆಗೆ ಬರೋಣ. ಅವರು ಕರ್ಮಗಳನ್ನು ವಿಂಗಡಿಸಿದ ಬಗೆ ಪ್ರಸಿದ್ಧ. ಮಳೆ ಬೇಕೆಂದು ಮಾಡುವ ಕಾರೀರಿ, ಮಗ ಬೇಕೆಂದು ಮಾಡುವ ಇಷ್ಟಿ, ಇವು ಕಾಮ್ಯ. ಬೇಡುವುದು ಇಲ್ಲದಿದ್ದರೆ ಮಾಡಬೇಕಾಗಿಲ್ಲ. ಗ್ರಹಣವೋ ಮತ್ತೊಂದೋ ನಿಮಿತ್ತ ಒದಗಿದಾಗ ಮಾಡುವುದು ನೈಮಿತ್ತಿಕ. ಸಂಧ್ಯಾವಂದನೆ, ಅಗ್ನಿಹೋತ್ರದಂಥವು ನಿತ್ಯ. ಈ ನಿತ್ಯಕರ್ಮದಲ್ಲೇ ತೊಡಕಿರುವುದು. ಅದನ್ನು ಮಾಡಿದರೆ ಏನು ಬರುತ್ತದೆ? ಕುಮಾರಿಲ ಭಟ್ಟರ ಪರಂಪರೆಯವರು ಕೊಟ್ಟ ಉತ್ತರದ ಸಾರ ಇಷ್ಟು: ಹೊಸದಾಗಿ ಸ್ವರ್ಗವೇನೂ ಬರುವುದಿಲ್ಲ, ಆದರೆ ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ ತಗಲುತ್ತದೆ. ಪ್ರಭಾಕರನ ಪಂಗಡ ಇನ್ನೂ ಕಟ್ಟುನಿಟ್ಟು. ವೇದ ವಿಧಿಸಿದೆ, ಆದ್ದರಿಂದ ಮಾಡಬೇಕು, ಫಲದ ಮಾತೇ ಬೇಡ.

ಮಾಡಿದರೆ ಲಾಭವಿಲ್ಲ, ಬಿಟ್ಟರೆ ನಷ್ಟವಿದೆ. ಚಳಿಗಾಲದ ಬ್ಯಾಟರಿಯ ಆರೈಕೆಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಲಾಗದು. ನವೆಂಬರಿನಲ್ಲಿ ಚಾರ್ಜರ್ ಹಚ್ಚಿದವನಿಗೆ ಏಪ್ರಿಲ್‌ನಲ್ಲಿ ಸಿಗುವುದು ಅಕ್ಟೋಬರಿನಲ್ಲಿ ಇದ್ದ ಬ್ಯಾಟರಿಯೇ. ಒಂದು ಹಿಡಿ ಹೆಚ್ಚಿಲ್ಲ. ಲೋಕ ಹೊಸತನ್ನು ತಂದವನನ್ನು ಹೊಗಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಉಳಿಸಿದವನ ಕೆಲಸ ಮಾತ್ರ ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ತೋರಿಸಲು ಅವನ ಬಳಿ ಏನೂ ಇರುವುದಿಲ್ಲ. ಮೀಮಾಂಸಕರು ಇಂಥ ಕೆಲಸಕ್ಕೆ ಧರ್ಮದ ಲೆಕ್ಕದಲ್ಲಿ ಒಂದು ಪ್ರತ್ಯೇಕ ಖಾನೆ ತೆರೆದರು, ಅದೂ ಕಾಮ್ಯಕ್ಕಿಂತ ಕಟ್ಟುನಿಟ್ಟಾದ ಖಾನೆ. ಯಜ್ಞದಲ್ಲಿ ನಂಬಿಕೆ ಇಲ್ಲದವರೂ ಮೆಚ್ಚಬೇಕಾದ ವಿವೇಕ ಇದು.

ಆದರೆ ಶಂಕರಾಚಾರ್ಯರು ಇಲ್ಲಿ ತಡೆದು ನಿಲ್ಲಿಸುತ್ತಾರೆ. ತೈತ್ತಿರೀಯೋಪನಿಷತ್ತಿನ ಭಾಷ್ಯದ ಪೀಠಿಕೆಯಲ್ಲಿ ಅವರಿಗೆ ಎದುರಾಗಿರುವವನು ಒಬ್ಬ ಲೆಕ್ಕಾಚಾರದ ಮೀಮಾಂಸಕ. ಕಾಮ್ಯವನ್ನೂ ನಿಷಿದ್ಧವನ್ನೂ ಬಿಟ್ಟು, ಹಳೆಯ ಕರ್ಮವನ್ನು ಉಂಡು ತೀರಿಸಿ, ನಿತ್ಯವನ್ನು ಮಾಡುತ್ತ ಪ್ರತ್ಯವಾಯ ತಗಲದಂತೆ ನೋಡಿಕೊಂಡರೆ ಮುಂದಿನ ಜನ್ಮಕ್ಕೆ ಕಾರಣವೇ ಉಳಿಯದು, ಜ್ಞಾನವಿಲ್ಲದೆಯೂ ಮೋಕ್ಷ ಸಿಗುತ್ತದೆ ಎಂಬುದು ಅವನ ವಾದ. ಶಂಕರರು ಅದನ್ನು ಹಲವು ಕಡೆಯಿಂದ ಕೆಡವುತ್ತಾರೆ. ಅದರಲ್ಲೊಂದು ಪೆಟ್ಟು ಹೀಗಿದೆ: ಮಾಡದಿರುವುದು ಎಂದರೆ ಅಭಾವ. ದೋಷ ಎಂದರೆ ಭಾವ. ಇಲ್ಲದಿರುವುದರಿಂದ ಇರುವುದು ಹುಟ್ಟುವುದಾದರೂ ಹೇಗೆ? ಹಾಗಾದರೆ ವಿಹಿತ ಕರ್ಮ ಮಾಡದವನಿಗೆ ಪ್ರಾಯಶ್ಚಿತ್ತ ಹೇಳುವ ಮನುಸ್ಮೃತಿಯ ಮಾತನ್ನು ಏನೆಂದು ತಿಳಿಯಬೇಕು? ಶಂಕರರ ಪ್ರಕಾರ ಮಾಡದಿರುವುದು ಕಾರಣವಲ್ಲ, ಕುರುಹು. ಅವನಲ್ಲಿ ಮೊದಲೇ ಸೇರಿಕೊಂಡಿದ್ದ ದೋಷ ಹೊರಬೀಳುತ್ತಿರುವುದರ ಲಕ್ಷಣ ಅಷ್ಟೆ. ಶೃಂಗೇರಿಯ ಪೀಠಪರಂಪರೆ ಶಂಕರರ ನಂತರದ ಮೊದಲ ಆಚಾರ್ಯರೆಂದು ಗೌರವಿಸುವ ಸುರೇಶ್ವರರು ಇದೇ ಭಾಷ್ಯಕ್ಕೆ ವಾರ್ತಿಕ ಬರೆದರು. ಕರ್ಮದಿಂದಲೇ ಮೋಕ್ಷ ಎನ್ನುವವರ ವಿರುದ್ಧದ ವಾದವನ್ನು ನೈಷ್ಕರ್ಮ್ಯಸಿದ್ಧಿಯಲ್ಲಿ ಇನ್ನಷ್ಟು ಬೆಳೆಸಿದರು.

ಬ್ಯಾಟರಿಯ ಮಟ್ಟಿಗೆ ಶಂಕರರ ಮಾತು ಅಕ್ಷರಶಃ ಸತ್ಯ. ಯಜಮಾನ ಚಾರ್ಜ್ ಮಾಡದೆ ಹೋದದ್ದು ಸಲ್ಫೇಟನ್ನು ಹುಟ್ಟಿಸಲಿಲ್ಲ. ಸಲ್ಫೇಟನ್ನು ಹುಟ್ಟಿಸಿದ್ದು ಸೀಸ ಮತ್ತು ಆಮ್ಲ. ಬ್ಯಾಟರಿ ಕಾರ್ಖಾನೆಯಿಂದ ಹೊರಬಿದ್ದ ಗಳಿಗೆಯಿಂದ ಆ ಕೆಲಸ ಅದರೊಳಗೆ ನಡೆದೇ ಇತ್ತು. ಗಾಡಿ ಓಡುತ್ತಿದ್ದಾಗ ಆಲ್ಟರ್ನೇಟರ್ ಅದನ್ನು ದಿನವೂ ಹಿಮ್ಮೆಟ್ಟಿಸುತ್ತಿತ್ತು, ಹಾಗಾಗಿ ಯಾರಿಗೂ ಕಾಣುತ್ತಿರಲಿಲ್ಲ. ಗಾಡಿ ನಿಂತಾಗ ಹೊಸ ಕೇಡೇನೂ ಹುಟ್ಟಲಿಲ್ಲ, ಮೊದಲಿಂದ ಇದ್ದದ್ದೇ ಮೇಲೆ ತೋರಿತು.

ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕರ್ಮದೊಳಗೆ ಅಕರ್ಮವನ್ನೂ ಅಕರ್ಮದೊಳಗೆ ಕರ್ಮವನ್ನೂ ಕಾಣುವವನ ಮಾತು ಬರುತ್ತದೆ. ಅದನ್ನು ವಿವರಿಸುವಾಗ ಶಂಕರರು ಕೊಡುವ ದೃಷ್ಟಾಂತ ಇಲ್ಲಿ ನೆನಪಾಗದೆ ಇರದು. ಚಲಿಸುವ ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಓಡಿದಂತೆ ಕಾಣುತ್ತವೆ. ಹಾಗೆಯೇ ಕಣ್ಣಿಗೆ ತೀರಾ ದೂರವಾದ ವಸ್ತು ಚಲಿಸುತ್ತಿದ್ದರೂ ನಿಂತಂತೆ ಕಾಣುತ್ತದೆ. ಮೊದಲ ಉದಾಹರಣೆಯನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ನೆನೆಯುವವರು ಕಡಿಮೆ. ಹೊದಿಕೆ ಹೊದ್ದು ನಿಂತ ಗಾಡಿಗೆ ಒಪ್ಪುವುದು ಎರಡನೆಯದು.

ಸಾಂಖ್ಯರು ಇದನ್ನು ಇನ್ನೂ ಆಳಕ್ಕೆ ಒಯ್ದರು. ಅವರ ಪ್ರಕಾರ ಪ್ರಳಯದಲ್ಲಿ ಜಗತ್ತೆಲ್ಲ ಮಡಿಚಿಕೊಂಡು ಪ್ರಕೃತಿಯಲ್ಲಿ ಅಡಗುತ್ತದೆ, ಸತ್ತ್ವ ರಜಸ್ಸು ತಮಸ್ಸುಗಳು ಸಮತೂಕಕ್ಕೆ ಬರುತ್ತವೆ. ಆಗಲಾದರೂ ಎಲ್ಲ ನಿಶ್ಚಲವೇ? ಅಲ್ಲ ಎನ್ನುತ್ತಾನೆ ಸಾಂಖ್ಯಕಾರಿಕೆಗೆ ವ್ಯಾಖ್ಯಾನ ಬರೆದ ವಾಚಸ್ಪತಿ ಮಿಶ್ರ. ಬದಲಾಗುವುದೇ ಗುಣಗಳ ಸ್ವಭಾವ, ಬದಲಾಗದೆ ಅವು ಒಂದು ಕ್ಷಣವೂ ಇರಲಾರವು. ಪ್ರಳಯದಲ್ಲಿ ಸತ್ತ್ವ ಸತ್ತ್ವವಾಗಿಯೇ, ರಜಸ್ಸು ರಜಸ್ಸಾಗಿಯೇ ಹೊರಳುತ್ತಿರುತ್ತವೆ. ಹೊರಗೆ ಕಾಣುವ ಸೃಷ್ಟಿ ಇರುವುದಿಲ್ಲ, ಒಳಗಿನ ಹೊರಳಾಟ ನಿಂತಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಸವೆಯದ ಬ್ಯಾಟರಿಯೂ ಉಂಟೆಂದು ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರಯೋಗಾಲಯದ ಗಂಟೆಯನ್ನು ಎತ್ತಿ ತೋರಿಸುವವರಿದ್ದಾರೆ. 1840ರಿಂದ ಎರಡು ಒಣ ಬ್ಯಾಟರಿ ಕಂಬಗಳ ಬಲದ ಮೇಲೆ ಅದರ ಪುಟ್ಟ ಲೋಲಕ ಎರಡು ಗಂಟೆಗಳ ನಡುವೆ ಬಡಿಯುತ್ತಲೇ ಇದೆ. ಯಾರೂ ಅದಕ್ಕೆ ಚಾರ್ಜ್ ಕೊಟ್ಟಿಲ್ಲ. ಕಂಬಗಳನ್ನು ಗಂಧಕದಿಂದ ಮುಚ್ಚಿ ತೇವ ತಾಗದಂತೆ ಮಾಡಲಾಗಿದೆ, ಬಳಸುವ ವಿದ್ಯುತ್ತೋ ಅತ್ಯಲ್ಪ. ಆದರೆ ಅದೂ ಖರ್ಚಾಗುತ್ತಲೇ ಬಡಿಯುತ್ತಿದೆ. ಎಣಿಕೆ ನಿಧಾನ, ಅಷ್ಟೇ.

ಹಾಗಾದರೆ ಯಜಮಾನ ನಿರ್ದೋಷಿಯೇ? ಸೀಸದ ಸ್ವಭಾವಕ್ಕೆ ಅವನೇನು ಮಾಡಿಯಾನು?

ಇಲ್ಲಿಯೇ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನಷ್ಟಕ್ಕೆ ಕಾರಣ ಯಾವುದು ಎಂಬುದು ಒಂದು. ನಷ್ಟಕ್ಕೆ ಹೊಣೆ ಯಾರು ಎಂಬುದು ಇನ್ನೊಂದು. ಶಂಕರರು ಮೊದಲನೆಯದರಲ್ಲಿ ಗೆದ್ದಿದ್ದಾರೆ, ಇಲ್ಲದ ಕ್ರಿಯೆಗೆ ಹುಟ್ಟಿಸುವ ಶಕ್ತಿ ಇಲ್ಲ. ಎರಡನೆಯದರಲ್ಲಿ ಮೀಮಾಂಸಕರ ಮಾತನ್ನು ತಳ್ಳಿಹಾಕಲಾಗದು. ಮಗುವಿಗೆ ಹಸಿವನ್ನು ಕೊಟ್ಟದ್ದು ತಾಯಿಯಲ್ಲ, ಉಣಿಸುವ ಹೊಣೆ ಮಾತ್ರ ಅವಳದೇ. ವಸ್ತುವಿನೊಳಗೆ ಸವೆತ ಇದೆ ಎಂದು ಗೊತ್ತಿದ್ದು ಅದನ್ನು ತನ್ನದೆಂದು ಇಟ್ಟುಕೊಂಡವನಿಗೆ ‘ನಾನೇನೂ ಮಾಡಲಿಲ್ಲ’ ಎಂಬ ಮಾತು ಸಮರ್ಥನೆಯಾಗುವುದಿಲ್ಲ. ಶಂಕರರು ಕೂಡ ಗೃಹಸ್ಥನಿಗೆ ನಿತ್ಯಕರ್ಮ ಬಿಡು ಎಂದವರಲ್ಲ. ಚಿತ್ತ ತಿಳಿಯಾಗಲು ಅದು ಬೇಕೆಂದೇ ಹೇಳಿದವರು. ಅದನ್ನೇ ಮೋಕ್ಷದ ಯಂತ್ರ ಮಾಡಿಕೊಳ್ಳಬೇಡಿ ಎಂಬುದಷ್ಟೇ ಅವರ ತಕರಾರು.

ಈ ಹೊಣೆಯನ್ನು ಎಷ್ಟು ವಿವರವಾಗಿ ಯೋಚಿಸಿದ್ದರು ಎಂಬುದಕ್ಕೆ ಶ್ರೌತಾಗ್ನಿಯ ಕಟ್ಟಳೆಗಳನ್ನು ನೋಡಬೇಕು. ಕರ್ನಾಟಕದಲ್ಲಿ ಇಂದಿಗೂ ಬೆರಳೆಣಿಕೆಯ ಮನೆಗಳಲ್ಲಿ ಅಗ್ನಿಹೋತ್ರ ನಡೆಯುತ್ತದೆ. ಅಗ್ನಿಯನ್ನು ಆಧಾನ ಮಾಡಿಕೊಂಡವನು ಬೆಳಿಗ್ಗೆ ಸಂಜೆ ಹಾಲಿನ ಆಹುತಿ ಕೊಡಬೇಕು, ಗಾರ್ಹಪತ್ಯದ ಕೆಂಡವನ್ನು ಕಾಪಾಡಬೇಕು. ಹಾಗೆಂದು ಅವನು ಊರು ಬಿಟ್ಟು ಕದಲಲೇ ಬಾರದೇ? ಅದಕ್ಕೂ ದಾರಿಯಿದೆ. ಒಬ್ಬನೇ ಹೋಗುವುದಾದರೆ ಅಗ್ನಿಗಳ ಎದುರು ನಿಂತು ಉಪಸ್ಥಾನ ಮಾಡಿ ಹೇಳಿ ಹೊರಡುತ್ತಾನೆ, ಮನೆಯಲ್ಲಿ ಇನ್ನೊಬ್ಬರು ಆಹುತಿ ನಡೆಸುತ್ತಾರೆ, ಬಂದ ಮೇಲೆ ಮತ್ತೆ ಉಪಸ್ಥಾನ. ಸಂಸಾರವೇ ಬಿಡಾರ ಬದಲಿಸುವುದಾದರೆ ಸಮಾರೋಪಣ. ಅರಣಿಯ ಮರದ ತುಂಡುಗಳನ್ನು ಅಗ್ನಿಯ ಮೇಲೆ ಕಾಯಿಸಿ, ಬೆಂಕಿ ಅದರೊಳಗೆ ಏರಿತೆಂದು ಭಾವಿಸಿ, ಬಟ್ಟೆಯಲ್ಲಿ ಸುತ್ತಿ ಒಯ್ಯುವುದು. ಹೊಸ ಜಾಗದಲ್ಲಿ ಅದೇ ಅರಣಿಯನ್ನು ಕಡೆದು ಅದೇ ಅಗ್ನಿಯನ್ನು ಇಳಿಸಿಕೊಳ್ಳುವುದು. ಪ್ರಯಾಣದ ಕಾಲಕ್ಕೆ ಬೆಂಕಿಯನ್ನು ಮರದಲ್ಲಿ ಶೇಖರಿಸಿಡುವ ಈ ಕಲ್ಪನೆ ಬೆರಗು ಹುಟ್ಟಿಸುತ್ತದೆ. ಉರಿ ಕಾಣದಿದ್ದರೂ ಅದು ಇದೆ, ತನ್ನದಾಗಿದೆ, ತಾನು ಅದಕ್ಕೆ ಉತ್ತರ ಹೇಳಬೇಕು ಎಂಬ ತಿಳಿವಳಿಕೆ ಆ ಬಟ್ಟೆಯ ಗಂಟಿನಲ್ಲಿದೆ.

ದೇವಾಲಯಗಳ ನಂದಾದೀಪ ಇದೇ ಚಿಂತೆಯ ಇನ್ನೊಂದು ರೂಪ. ನಂದಾದೀವಿಗೆಗೆಂದು ಭೂಮಿಯನ್ನೋ ಗಾಣದ ಎಣ್ಣೆಯನ್ನೋ ಬಿಟ್ಟ ಕನ್ನಡ ಶಾಸನಗಳು ನಾಡಿನ ಉದ್ದಗಲಕ್ಕೂ ಸಿಗುತ್ತವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಚೋಳ ಶಾಸನಗಳಲ್ಲಿ ಲೆಕ್ಕ ಇನ್ನೂ ಕರಾರುವಾಕ್ಕು. ಒಂದು ದೀಪಕ್ಕೆ ದಿನಕ್ಕೆ ಒಂದು ಉಳಕ್ಕು ತುಪ್ಪ, ಅದಕ್ಕೆ 96 ಕುರಿ, ಅಥವಾ 48 ಹಸು, ಅಥವಾ 16 ಎಮ್ಮೆ. ಚೋಳರ ಕಾಲದ ಇಂಥ ದತ್ತಿಯ ಕುರಿಗಳನ್ನು ಸಾಯದ, ಮುಪ್ಪಾಗದ ಕುರಿಗಳೆಂದು ಕರೆಯುವುದುಂಟು. ಕುರಿ ಸಾಯುತ್ತದೆ ಎಂದು ಬರೆಸಿದವರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಸತ್ತ ಕುರಿಯ ಜಾಗಕ್ಕೆ ಮರಿ ಬರಬೇಕು, ಹಿಂಡಿನ ಎಣಿಕೆ ಇಳಿಯಕೂಡದು, ಅದು ಕುರುಬನ ಹೊಣೆ. ಸಾವಿಲ್ಲದಿರುವುದು ಕುರಿಯ ಗುಣವಲ್ಲ, ಏರ್ಪಾಡಿನ ಗುಣ.

ಹಾಸನದ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುತ್ತದೆ. ಬಾಗಿಲು ಮುಚ್ಚುವಾಗ ಹಚ್ಚಿದ ದೀಪ ಮರುವರ್ಷ ತೆರೆಯುವವರೆಗೂ ಆರದೆ ಉರಿಯುತ್ತದೆ ಎಂಬುದು ಭಕ್ತರ ನಂಬಿಕೆ. ಅದನ್ನು ತಾಯಿಯ ಮಹಿಮೆ ಎಂದು ಕೈಮುಗಿಯುವ ಹೆಂಗಸು ತನ್ನ ಮನೆಯ ದೇವರ ದೀಪಕ್ಕೆ ಸಂಜೆ ಎಣ್ಣೆ ಹಾಕುವುದನ್ನು ಮರೆಯುವುದಿಲ್ಲ. ನೋಡಿಕೊಳ್ಳದೆ ಉಳಿಯುವುದು ದೇವರ ದೀಪಕ್ಕೆ ಮಾತ್ರ ಸಾಧ್ಯ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಸ್ತುಗಳಿಗೂ ವಿಶ್ರಾಂತಿ ಬೇಕೇ ಎಂಬ ಪ್ರಶ್ನೆಯನ್ನು ಯೆಹೂದಿ ಧರ್ಮಪಂಡಿತರು ನೇರವಾಗಿಯೇ ಕೇಳಿಕೊಂಡಿದ್ದರು. ಸಬ್ಬತ್ ದಿನ ಮನುಷ್ಯ ಕೆಲಸ ಮಾಡುವಂತಿಲ್ಲ. ಆದರೆ ಶುಕ್ರವಾರ ಹಗಲಿನಲ್ಲೇ ಬಣ್ಣವನ್ನು ನೆನೆಹಾಕಿದರೆ, ಬೇಟೆಯ ಬಲೆ ಒಡ್ಡಿಟ್ಟರೆ, ಅವು ತಮ್ಮಷ್ಟಕ್ಕೆ ಸಬ್ಬತ್ತಿನಲ್ಲೂ ಕೆಲಸ ಮುಂದುವರಿಸಬಹುದೇ? ಶಮ್ಮಾಯಿಯ ಪಂಗಡ ಕೂಡದು ಎಂದಿತು, ಹಿಲ್ಲೇಲನ ಪಂಗಡ ಆಗಬಹುದು ಎಂದಿತು. ಶಮ್ಮಾಯಿಯವರ ಮಾತಿನ ಹಿಂದೆ ಪಾತ್ರೆಪರಿಕರಗಳೂ ವಿರಮಿಸಬೇಕೆಂಬ ನಿಲುವಿದೆ ಎಂದು ತಾಲ್ಮುದ್ ವಿವರಿಸುತ್ತದೆ. ರೂಢಿಯಲ್ಲಿ ನಿಂತದ್ದು ಹಿಲ್ಲೇಲನ ಮಾತು. ನಮ್ಮಲ್ಲಿ ಆಯುಧಪೂಜೆಯ ದಿನ ನೇಗಿಲು, ತಕ್ಕಡಿ, ಲಾರಿ, ಲೇತ್ ಯಂತ್ರ ಎಲ್ಲಕ್ಕೂ ಬಿಡುವು. ಆದರೆ ಬಿಡುವಿಗೆ ಮುನ್ನ ತೊಳೆದು, ಒರೆಸಿ, ಎಣ್ಣೆ ಕಾಣಿಸಿ ಆಗಿರುತ್ತದೆ. ಯಾವ ಸಂಪ್ರದಾಯದಲ್ಲೂ ವಿಶ್ರಾಂತಿಯನ್ನು ಸುಮ್ಮನೆ ಕೈಬಿಡುವುದೆಂದು ತಿಳಿದಿಲ್ಲ. ಉತ್ತರದ ದೇಶಗಳಲ್ಲಿ ಗಾಡಿಗಳನ್ನು ಒಳಗೆ ಹಾಕುವ ಹೊತ್ತಿನ ಆಸುಪಾಸಿನಲ್ಲೇ ನವರಾತ್ರಿ ಬರುತ್ತದೆ. ಅಲ್ಲಿನ ಕನ್ನಡದ ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡ ಗಾಡಿಗೆ ಅದೇ ದಿನ ಚಾರ್ಜರ್ ಸಿಕ್ಕಿಸಿದರೆ ಪೂಜೆಗೆ ಕುಂದೇನೂ ಬರದು, ಅದು ಪೂಜೆಯ ಭಾಗವೇ ಆದೀತು.

ಇಷ್ಟು ಕೇಳಿದವನು ಭಯದಿಂದ ಚಾರ್ಜರನ್ನು ಆರು ತಿಂಗಳೂ ಬಿಡದೆ ಹಚ್ಚಿಟ್ಟರೆ? ಅದೂ ಕೇಡು. ಹಳೆಯ ಮಾದರಿಯ ಸಾದಾ ಚಾರ್ಜರ್ ತುಂಬಿದ ಬ್ಯಾಟರಿಗೂ ತುಂಬುತ್ತಲೇ ಹೋಗುತ್ತದೆ. ಒಳಗಿನ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಗುಳ್ಳೆಯೇಳುತ್ತದೆ, ಫಲಕದ ನೆತ್ತಿ ಒಣಗುತ್ತದೆ, ಧನಫಲಕದ ಜಾಲರಿಯನ್ನು ತುಕ್ಕು ತಿನ್ನುತ್ತದೆ. ವಸಂತದಲ್ಲಿ ಮುಚ್ಚಳ ತೆಗೆದವನಿಗೆ ಡಿಸ್ಟಿಲ್ಡ್ ವಾಟರ್ ಆರಿಹೋಗಿ ಬೆತ್ತಲೆ ನಿಂತ ಫಲಕಗಳು ಕಾಣುತ್ತವೆ. ಆದ್ದರಿಂದಲೇ ಹೊಸ ಚಾರ್ಜರುಗಳು ತುಂಬಿದ ಮೇಲೆ 13.5 ವೋಲ್ಟಿನ ಆಸುಪಾಸಿಗೆ ಇಳಿದು, ಸವೆದಷ್ಟನ್ನೇ ಕೊಡುತ್ತ ಕೂರುತ್ತವೆ.

ಮೀಮಾಂಸಕರ ಮುಂದೆ ಇದೇ ಪ್ರಶ್ನೆ ಬಂದಿತ್ತು. ಬದುಕಿರುವವರೆಗೂ ಅಗ್ನಿಹೋತ್ರ ಮಾಡಬೇಕು ಎಂದು ಶ್ರುತಿ ಹೇಳುತ್ತದೆ. ಹಾಗಾದರೆ ಊಟ ನಿದ್ದೆ ಬಿಟ್ಟು ಆಹುತಿ ಹಾಕುತ್ತಲೇ ಇರಬೇಕೇ? ಪೂರ್ವಪಕ್ಷ ಹಾಗೆಯೇ ವಾದಿಸುತ್ತದೆ. ಮೀಮಾಂಸಾಸೂತ್ರಗಳ ಕರ್ತೃ ಜೈಮಿನಿಯ ಸಿದ್ಧಾಂತ ಒಪ್ಪುವುದಿಲ್ಲ. ವಿಧಿಸಿದ ಎರಡು ಹೊತ್ತಿನಲ್ಲಿ ಮಾಡಿದರೆ ಬದುಕಿಡೀ ಮಾಡಿದಂತೆ. ಸದಾ ಎಂದರೆ ಎಡೆಬಿಡದೆ ಎಂದಲ್ಲ, ಹೊತ್ತು ತಪ್ಪದೆ ಎಂದು. ಆರೈಕೆಯ ವಿಷಯದಲ್ಲಿ ಇಷ್ಟು ಹದವಾದ ಮಾತು ಅಪರೂಪ.

ಲಿಥಿಯಂ ಬಂದ ಮೇಲೆ ಹದವೇ ಬದಲಾಯಿತು. ಇತ್ತೀಚಿನ ಮೋಟಾರ್‌ಹೋಮ್‌ಗಳಲ್ಲಿ ಸೀಸದ ಜಾಗಕ್ಕೆ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ತುಂಬಿ ತುಳುಕುತ್ತ ತಿಂಗಳುಗಟ್ಟಲೆ ನಿಲ್ಲುವುದು ಒಗ್ಗದು. ಅರ್ಧಕ್ಕಿಂತ ತುಸು ಮೇಲೆ ಚಾರ್ಜ್ ಉಳಿಸಿ, ಸಂಪರ್ಕ ತಪ್ಪಿಸಿ, ತಣ್ಣನೆಯ ಜಾಗದಲ್ಲಿ ಬಿಡುವುದೇ ಅದಕ್ಕೆ ಕ್ಷೇಮ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಡಲೇಬಾರದು. ಕೊಟ್ಟರೆ ಲಿಥಿಯಂ ಲೋಹವಾಗಿ ಒಳಗಿನ ಋಣಫಲಕದ ಮೇಲೆ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಸೀಸಕ್ಕೆ ಅಮೃತವಾದ ಜನವರಿಯ ಚಾರ್ಜು ಇದಕ್ಕೆ ವಿಷ. ಅಧಿಕಾರಭೇದ, ಅಂದರೆ ಒಬ್ಬೊಬ್ಬರಿಗೆ ಒಂದೊಂದು ವಿಧಿ ಎಂದು ಶಾಸ್ತ್ರದಲ್ಲಿ ಕಲಿಯುವುದನ್ನು ಒಂದೇ ಶೆಡ್ಡಿನ ಎರಡು ಡಬ್ಬಿಗಳು ತೋರಿಸಿಕೊಡುತ್ತವೆ. ನೋಡಿಕೊಳ್ಳುವವನ ಒಳ್ಳೆಯ ಮನಸ್ಸು ಸಾಲದು, ನೋಡಿಕೊಳ್ಳಬೇಕಾದ ವಸ್ತುವಿನ ಸ್ವಭಾವ ಗೊತ್ತಿರಬೇಕು.

ಇನ್ನು ಉಳಿದದ್ದು ಯಂತ್ರದ ಪ್ರಶ್ನೆ. ಚುರುಕು ಚಾರ್ಜರ್, ಚಾವಣಿಯ ಸೋಲಾರ್ ಫಲಕ, ಫೋನಿಗೆ ವೋಲ್ಟೇಜ್ ತಿಳಿಸುವ ಬ್ಲೂಟೂತ್ ಮಾನಿಟರ್ ಎಲ್ಲ ಇರುವಾಗ ಮನುಷ್ಯನ ನಿತ್ಯಕರ್ಮ ಮುಗಿದಂತೆಯೇ? ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಪ್ರತಿನಿಧಿಗಳ ಬಗ್ಗೆಯೇ ಇದೆ. ಕಾಮ್ಯಕರ್ಮದಲ್ಲಿ ಯಾವ ಅಂಗವೂ ತಪ್ಪುವಂತಿಲ್ಲ, ನಿತ್ಯಕರ್ಮವನ್ನು ಮಾತ್ರ ಕೈಲಾದಷ್ಟು ಮಾಡಿದರೂ ಸಲ್ಲುತ್ತದೆ ಎನ್ನುತ್ತದೆ ಅದು. ವಿಧಿಸಿದ ಧಾನ್ಯ ಸಿಗದಿದ್ದರೆ ಅದನ್ನು ಹೋಲುವ ಇನ್ನೊಂದು ಧಾನ್ಯ ಆಗಬಹುದು. ಆದರೆ ಯಜಮಾನನಿಗೆ ಪ್ರತಿನಿಧಿ ಇಲ್ಲ. ಕೈಗಳನ್ನು ಎರವಲು ಪಡೆಯಬಹುದು, ಒಡೆತನವನ್ನು ಎರವಲು ಕೊಡಲಾಗದು. ಶೆಡ್ಡಿನಲ್ಲಿ ಫ್ಯೂಸ್ ಹೋದರೆ, ಇಲಿ ತಂತಿ ಕಡಿದರೆ, ಸೋಲಾರ್ ಫಲಕದ ಮೇಲೆ ಹಿಮ ಕೂತರೆ ಚಾರ್ಜರಿಗೆ ನೋವಿಲ್ಲ. ಬ್ಯಾಟರಿ ಅದರದಲ್ಲ.

ಎಷ್ಟೋ ಶೆಡ್ಡುಗಳಲ್ಲಿ ಪ್ಲಗ್ಗೇ ಇರುವುದಿಲ್ಲ. ಅಲ್ಲಿ ಕೈಲಾದಷ್ಟು ಎಂದರೆ ಇದು: ಗಾಡಿ ನಿಲ್ಲಿಸುವ ಮೊದಲು ಬ್ಯಾಟರಿ ಪೂರ್ತಿ ತುಂಬಿಸುವುದು, ಋಣತುದಿಯ ತಂತಿಯನ್ನು ಮೊದಲು ಬಿಚ್ಚುವುದು, ಸಾಧ್ಯವಾದರೆ ಬ್ಯಾಟರಿಯನ್ನೇ ಎತ್ತಿ ಮನೆಗೆ ತಂದು ತಂಪಾದ, ಗಾಳಿಯಾಡುವ ಜಾಗದಲ್ಲಿಡುವುದು. ಆಮೇಲೆ ತಿಂಗಳಿಗೊಮ್ಮೆ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ ಓದಿ, ದಿನಾಂಕದ ಜೊತೆ ಬರೆದಿಡುವುದು. ಸೀಸದ ಬ್ಯಾಟರಿಯಲ್ಲಿ ಸಂಖ್ಯೆ 12.4ರ ಹತ್ತಿರ ಬಂತೆಂದರೆ ಆ ವಾರವೇ ಚಾರ್ಜ್ ಮಾಡಬೇಕು, ಮುಂದಿನ ತಿಂಗಳಿಗೆ ಬಿಡುವಂತಿಲ್ಲ.